ರಂಗೋಲಿ ಪುಡಿಯಲ್ಲಿ ಓದಿದ ನಂಬರು

ಅವರಿಗೆ ಬಲಗಣ್ಣಿನ ಹುಬ್ಬು ಇರಲಿಲ್ಲ. ಯಾವುದೋ ಕಾಲದಲ್ಲಿ ಮದ್ದು ಹಾರಿ ಸುಟ್ಟುಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಎಡಗಡೆಯದು ಮಾತ್ರ ದಟ್ಟವಾಗಿ, ನರೆತು, ಕಣ್ಣಿಗೆ ಚಪ್ಪರ ಹಾಕಿದ ಹಾಗಿತ್ತು. ಸಿಟ್ಟು ಬಂದರೆ ಅದೊಂದೇ ಮೇಲೇರುತ್ತಿತ್ತು, ಬಲಗಡೆಯ ಮುಖ ತನ್ನಷ್ಟಕ್ಕೆ ತಣ್ಣಗಿರುತ್ತಿತ್ತು. ಅರ್ಧ ಮುಖದ ಸಿಟ್ಟಿಗೆ ಯಾರು ಹೆದರುತ್ತಾರೆ? ನಮ್ಮ ಬೀದಿಯ ಮಕ್ಕಳೂ ಹೆದರುತ್ತಿರಲಿಲ್ಲ.

ಊರೆಲ್ಲ ಅವರನ್ನು ತುಪಾಕಿ ಸಾಬರು ಎನ್ನುತ್ತಿತ್ತು. ಕೋಲಾರದ ಕಡೆ ಮನೆಯಲ್ಲಿ ಕನ್ನಡ ಆಡುವವರಿಗೂ ಬಂದೂಕು ಎಂದರೆ ತುಪಾಕಿಯೇ. ಹೊಲಕ್ಕೆ ಹಂದಿ ಬರುತ್ತವೆಂದು ರೈತರು ಇಟ್ಟುಕೊಂಡಿದ್ದ ನಾಡಕೋವಿಗಳು ಕೆಟ್ಟರೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದೆಲ್ಲ ಅವರ ಅಂಗಡಿಗೇ ಬರಬೇಕಿತ್ತು. ರಿಪೇರಿಯ ಲೈಸೆನ್ಸು ಇದ್ದದ್ದು ಅವರಿಗೆ ಮಾತ್ರ. ಮದುವೆಯಾಗಿ ಮಾಲೂರಿನಿಂದ ಬಂದ ನನಗೆ ಅವರು ಪಕ್ಕದ ಮನೆಯ ಚಾಚಾ, ಅವರ ಹೆಂಡತಿ ಚಾಚಿ. ಅವರ ಮನೆಯ ಮುಂಭಾಗವೇ ಅಂಗಡಿ. ಎರಡು ಹಿತ್ತಿಲ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ನಮ್ಮತ್ತೆ ಆ ಗೋಡೆಗೆ ಬೆನ್ನು ಹಾಕಿಯೇ ಪಾತ್ರೆ ತೊಳೆಯುತ್ತಿದ್ದರು. ಯಜಮಾನರು ಸರ್ಕಾರಿ ಮಿಡ್ಲ್ ಸ್ಕೂಲಿನ ಮೇಷ್ಟ್ರು, ಯಾವ ಗೋಡೆಯ ಕಡೆಗೂ ನೋಡುವವರಲ್ಲ.

ಲೋಯರ್ ಸೆಕೆಂಡರಿ ಪಾಸು ಮಾಡಿ ಬಂದವಳು ನಾನು. ಯಜಮಾನರ ಪುಸ್ತಕ ಮುಟ್ಟಿದರೆ ಅತ್ತೆ ಕೆಮ್ಮುತ್ತಿದ್ದರು. ಅದಕ್ಕೇ ಹಿತ್ತಿಲಿಗೆ ಹೋಗಿ ಬೆಲ್ಲ ಕಟ್ಟಿ ಬಂದ ಹಾಳೆ ಬಿಡಿಸಿ ಓದುತ್ತಿದ್ದೆ. ಚಾಚಿ ಅದನ್ನು ನೋಡಿದ್ದರು. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಚಾಚಾ ಗೋಡೆಯ ಬಳಿ ಬಂದು ನಿಂತರು. ಕೈಯಲ್ಲಿ ಉದ್ದನೆಯ ರಿಜಿಸ್ಟರು.

"ಬೇಟಿ, ಇದನ್ನ ಕನ್ನಡದಲ್ಲೇ ಬರೀಬೇಕು ಅಂತಾರೆ ತಾಲ್ಲೂಕು ಕಚೇರಿಯೋರು. ನಂಗೆ ಉರ್ದು ಬಿಟ್ರೆ ಬರಲ್ಲ. ಬರ್ಕೊಡ್ತಿದ್ದ ಮುದುಕಪ್ಪಂಗೆ ಕಣ್ಣು ಹೋಯ್ತು. ಬರೆಯದೆ ಒಂದು ತುಪಾಕಿ ಒಳಗೆ ತಗೊಂಡ್ರೂ ಅಂಗಡಿ ಬಾಗ್ಲು ಮುಚ್ಚಿಸ್ತಾರೆ."

"ನಮ್ಮನೇಲಿ ಗೊತ್ತಾದ್ರೆ ನನ್ನ ಬಾಗ್ಲು ಮುಚ್ಚಿಸ್ತಾರೆ ಚಾಚಾ" ಎಂದೆ.

ಅವರು ನಗಲಿಲ್ಲ. "ನಿನ್ನ ಹೆಸರು ಎಲ್ಲೂ ಬರಲ್ಲ. ಜಬಾನ್ ಕೊಡ್ತೀನಿ, ಇದು ನನ್ನ ಮಾತು" ಎಂದರು. ಬರೆಯುವವರು ಯಾರೆಂದು ಕಚೇರಿಗೆ ತಿಳಿಸಿರಬೇಕು ಎಂಬ ನಿಯಮವೂ ಇತ್ತು. ನಾನು ಕಂಡಂತೆ ಅವರು ಮುರಿದ ನಿಯಮ ಅದೊಂದೇ, ಅದೂ ನನಗಾಗಿ.

ಮಿಕ್ಕ ನಿಯಮಗಳ ಕಥೆ ಕೇಳಬೇಡಿ. ತುಪಾಕಿ ಹೊಸಲು ದಾಟುವ ಮೊದಲು ಲೈಸೆನ್ಸು ದಾಟಬೇಕು. ಮಾಲೀಕನ ಹೆಸರು, ಅವನ ತಂದೆಯ ಹೆಸರು, ಊರು, ತಾಲ್ಲೂಕು, ಲೈಸೆನ್ಸಿನ ನಂಬರು, ನಳಿಗೆಯ ಉದ್ದ, ನಳಿಗೆಯ ಮೇಲೆ ಕೆತ್ತಿದ ನಂಬರು, ಏನು ಕೆಟ್ಟಿದೆ, ಯಾವತ್ತು ಬಂತು, ಯಾವತ್ತು ಹೋಯಿತು, ಕೊನೆಗೆ ಹೆಬ್ಬೆಟ್ಟು. ಅಣ್ಣನ ತುಪಾಕಿಯನ್ನು ತಮ್ಮನ ಕೈಗೆ ಕೊಡುವಂತಿಲ್ಲ. ಸತ್ತವನದನ್ನು ಮಗನಿಗೂ ಕೊಡುವಂತಿಲ್ಲ, ಕಚೇರಿಗೇ ಒಯ್ದು ಒಪ್ಪಿಸಬೇಕು. ಒಮ್ಮೆ ಮುಳಬಾಗಿಲು ಕಡೆಯ ದೊಡ್ಡ ಪಟೇಲರೊಬ್ಬರು ಲೈಸೆನ್ಸು ಮರೆತು ಬಂದರು. ಚಾಚಾ ಅವರಿಗೆ ಹೊರಗೇ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ತುಪಾಕಿಯನ್ನು ಮಾತ್ರ ಮುಟ್ಟಲಿಲ್ಲ.

"ಏನ್ ಸಾಬ್ರೇ, ನಾನ್ಯಾರು ಅಂತ ಗೊತ್ತಿಲ್ವಾ?" ಎಂದರು ಪಟೇಲರು.

"ತಾವ್ಯಾರು ಅಂತ ಚೆನ್ನಾಗಿ ಗೊತ್ತು ಬುದ್ಧಿ. ಈ ತುಪಾಕಿ ಯಾರದು ಅಂತ ಗೊತ್ತಿಲ್ಲ."

ಪಟೇಲರು ಬೈದುಕೊಂಡು ಮುಳಬಾಗಿಲಿಗೆ ವಾಪಸು ಹೋದರು. ಹಿತ್ತಿಲಲ್ಲಿ ಕೇಳಿಸಿಕೊಂಡ ನನಗೆ ನಗು ತಡೆಯಲಾಗಲಿಲ್ಲ.

ನಂಬರು ಓದುವುದು ನನ್ನ ಪಾಲಿನ ಕೆಲಸವೇ ಆಯಿತು. ಹಳೆಯ ನಳಿಗೆಗಳಲ್ಲಿ ಅಂಕಿ ಸವೆದು, ತುಕ್ಕು ತುಂಬಿ, ಇದ್ದೂ ಇಲ್ಲದ ಹಾಗಿರುತ್ತಿದ್ದವು. ಅವರ ಕಣ್ಣಿಗೂ ವಯಸ್ಸಾಗಿತ್ತು. ನಾನೊಂದು ಉಪಾಯ ಕಂಡುಕೊಂಡೆ. ತುಪಾಕಿಯನ್ನು ಗೋಡೆಯ ಮೇಲೆ ಮಲಗಿಸಿದರೆ ಒಂದು ಚಿಟಿಕೆ ರಂಗೋಲಿ ಪುಡಿ ತಂದು ಅಂಕಿಯ ಮೇಲೆ ಉಜ್ಜುತ್ತಿದ್ದೆ. ಕಪ್ಪು ಕಬ್ಬಿಣದ ಮೇಲೆ ಬೆಳ್ಳಗೆ ಅಂಕಿ ಎದ್ದು ಬರುತ್ತಿತ್ತು. ಚಾಚಾಗೆ ಪ್ರತಿ ಸಲವೂ ಸಂತೋಷ. "ನೋಡು, ಬಾಯಿ ಬಿಡ್ತು" ಎನ್ನುತ್ತಿದ್ದರು. ಬರೆದಾದ ಮೇಲೆ ಪುಡಿಯನ್ನು ತಮ್ಮ ಹೆಗಲ ಬಟ್ಟೆಯಿಂದ ಒರೆಸಿ, ಗೋಡೆಯ ಮೇಲೂ ಒಂದು ಕಣ ಉಳಿಯದಂತೆ ಊದುತ್ತಿದ್ದರು. ಅತ್ತೆಗೆ ಗೊತ್ತಾಗಬಾರದಲ್ಲ.

ಆ ಅಂಗಡಿಗೆ ಇನ್ನೊಂದು ಜಾತಿಯ ಗಿರಾಕಿಗಳೂ ಬರುತ್ತಿದ್ದರು, ಬಾಣಂತಿಯರ ಅಮ್ಮಂದಿರು. ಕೂಸು ನಿದ್ದೆಯಲ್ಲಿ ಬೆಚ್ಚಿದರೆ ತುಪಾಕಿಯ ಕಬ್ಬಿಣ ತೊಟ್ಟಿಲಿಗೆ ಕಟ್ಟಬೇಕು, ಬೆಳಿಗ್ಗೆ ಅದನ್ನು ಬಜೆ ತೇಯುವ ಕಲ್ಲಿನ ಮೇಲೆ ನೀರಲ್ಲಿ ತೇದು ಕೂಸಿನ ನಾಲಿಗೆಗೆ ಒಂದಿಷ್ಟು ಮುಟ್ಟಿಸಬೇಕು, ಆಗ ಹೆದರಿಕೆ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹಿಂದೂ ಮುಸಲ್ಮಾನ ಎನ್ನದೆ ಎಲ್ಲರೂ ಬರುತ್ತಿದ್ದರು. ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದ ಬುಟ್ಟಿಯಲ್ಲಿ ಕತ್ತರಿಸಿ ಬಿಸಾಕಿದ ಚೂರುಗಳಿರುತ್ತಿದ್ದವು. ಚಾಚಿ ಅದರಿಂದ ಒಂದನ್ನು ಆರಿಸಿ, ದುವಾ ಹೇಳಿ ಕೊಡುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಆ ಚೂರು ಕೊಡುವಾಗ ಅವರ ಮುಖ ನೋಡಬೇಕಿತ್ತು.

ಎರಡನೆಯ ಮಹಾಯುದ್ಧ ಶುರುವಾಯಿತು. ಅದರ ನಡುವೆ ಬ್ರಿಟಿಷರನ್ನು ಓಡಿಸುವ ಚಳವಳಿಯೂ ಎದ್ದಿತು. ಆ ವರ್ಷ ಶ್ರೀನಿವಾಸಪುರದ ಕಡೆಯ ಗೌಡರೊಬ್ಬರು ಒಂದು ತುಪಾಕಿ ತಂದಿದ್ದರು. ಮದ್ದು ಹೆಚ್ಚಾಗಿ ನಳಿಗೆಯ ಹಿಂದಿನ ತುದಿ ಉಬ್ಬಿ ಬಿರುಕು ಬಿಟ್ಟಿತ್ತು. ಅದಕ್ಕೆ ಒಂದೇ ಮದ್ದು: ಕೆಟ್ಟ ತುದಿಯನ್ನು ಕತ್ತರಿಸಿ ತೆಗೆದು, ಉಳಿದದ್ದಕ್ಕೆ ಹೊಸದಾಗಿ ತಿರುಪು ಕೊರೆದು ಮುಚ್ಚುವುದು. ಆದರೆ ನಂಬರು ಇದ್ದದ್ದೂ ಆ ಎಂಟು ಮೂಲೆಯ ತುದಿಯಲ್ಲೇ. ಅಂಥ ತುಂಡನ್ನು ತುಪಾಕಿಯ ಜೊತೆಗೇ ಇಟ್ಟು, ಮಾಲೀಕನ ಜೊತೆ ಹೋಗಿ ಎರಡನ್ನೂ ಕಚೇರಿಗೆ ತೋರಿಸಿ, ಅವರ ಎದುರೇ ನಳಿಗೆಗೆ ನಂಬರು ಹಾಕಿಸಬೇಕು. ಚಾಚಾ ತುದಿ ಕತ್ತರಿಸಿ ನನ್ನ ಮುಂದೆ ತಂದರು. ಪುಡಿ ಉಜ್ಜಿ ಓದಿದೆ. ಬಂದ ದಿನ ಬರೆದ ನಂಬರೇ. "ನಂಬರು ಇರುವ ತುಂಡು ಕೋವಿಯ ಜೊತೆ ಇದೆ" ಎಂದು ಬರೆದೆ. ಅವರು ತುಂಡನ್ನು ತಂತಿಯಿಂದ ತುಪಾಕಿಗೆ ಕಟ್ಟಿ ಗೋಡೆಗೆ ತೂಗುಹಾಕಿದರು. ಗೌಡರು ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಬರಲಿಲ್ಲ.

ಆಮೇಲೆ ಕಚೇರಿಯಿಂದ ಆಜ್ಞೆ ಬಂತು. ರಿಪೇರಿ ಅಂಗಡಿಯಲ್ಲಿರುವ ಎಲ್ಲ ಬಂದೂಕುಗಳನ್ನೂ ಪುಸ್ತಕದ ಸಮೇತ ಸೋಮವಾರ ತಂದು ತೋರಿಸಬೇಕು. ಒಂದು ಕಡಿಮೆಯಿದ್ದರೂ ಚಳವಳಿಯವರಿಗೆ ಮಾರಿದ್ದೆಂದು ಲೆಕ್ಕ. ಚಾಚಾಗೆ ಭಯವೇ ಇರಲಿಲ್ಲ. ಎಣ್ಣೆ ಒರೆಸಲೆಂದು ಗೌಡರ ತುಪಾಕಿಯನ್ನು ಕೆಳಗಿಳಿಸಿದರು. ತಂತಿ ತುಕ್ಕು ಹಿಡಿದು ತುಂಡಾಗಿತ್ತು. ನಂಬರಿನ ತುಂಡು ಇರಲಿಲ್ಲ. ಅದರ ನೇರ ಕೆಳಗೆ ಇದ್ದದ್ದು ಚಾಚಿಯ ಬುಟ್ಟಿ.

ಆ ಹೊತ್ತು ಅವರ ಮನೆಯಲ್ಲಿ ಕೇಳಿದ ಸದ್ದು ನನಗೆ ಈಗಲೂ ನೆನಪಿದೆ. ಬುಟ್ಟಿಯನ್ನು ಅಂಗಳಕ್ಕೆ ಸುರಿದರು. ಮೂವರೂ ಕೂತು ಒಂದೊಂದೇ ಚೂರು ತಿರುವಿ ನೋಡಿದೆವು. ನಾನು ಆವತ್ತು ಮೊದಲ ಸಲ ಗೋಡೆ ಹತ್ತಿ ಆ ಕಡೆ ಇಳಿದಿದ್ದೆ, ಅತ್ತೆ ಕರೆಯುತ್ತಿದ್ದರೂ ಓ ಎನ್ನಲಿಲ್ಲ. ಸಿಗಲಿಲ್ಲ. ಚಾಚಿ ಎದೆ ಬಡಿದುಕೊಂಡು, "ನಾನೇ ಕೊಟ್ಬಿಟ್ಟೆ. ಎಂಟು ಮೂಲೆ ಚೂರು, ಗಟ್ಟಿ ಇದೆ, ಒಳ್ಳೇದಾಗ್ತದೆ ಅಂತ ನಾನೇ ಆರಿಸಿ ಕೊಟ್ಟೆ" ಎಂದು ಅತ್ತರು. ಯಾರಿಗೆ ಎಂದರೆ ಗೊತ್ತಿಲ್ಲ. ಮಾಲೂರಿನ ದಾರಿಯ ಊರಿನವಳು, ಮೂಗಿನಲ್ಲಿ ಎರಡು ಕಡೆ ಬೊಟ್ಟು, ಮಗಳಿಗೆ ಚೊಚ್ಚಲು ಹೆರಿಗೆ. ಇಷ್ಟೇ ನೆನಪು.

ಗಂಡ ಹೆಂಡತಿ ಎತ್ತಿನ ಗಾಡಿ ಮಾಡಿಕೊಂಡು ಹೊರಟರು. ಊರೂರಿಗೆ ಹೋಗಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾರೆ ಎಂದು ವಿಚಾರಿಸಬೇಕು. ಬಾಣಂತಿ ಕೋಣೆಗೆ ಚಾಚಾ ಹೋಗುವಂತಿಲ್ಲ, ಅಂಕಿ ಗುರುತಿಸಲು ಚಾಚಿಗೆ ಬರುವುದಿಲ್ಲ. ಇತ್ತ ನಾನು ದೇವರ ಮುಂದೆ ಕೂತು ಏನೇನೋ ಹರಕೆ ಹೊತ್ತೆ. ಭಾನುವಾರ ಸಾಯಂಕಾಲ ಗಾಡಿ ವಾಪಸು ಬಂತು. ನರಸಾಪುರದಲ್ಲಿ ಸಿಕ್ಕಿತ್ತು.

ಚಾಚಾ ಗೋಡೆಯ ಬಳಿ ಓಡಿಬಂದು ತುಂಡನ್ನು ನನ್ನ ಕೈಗಿಟ್ಟರು. "ಹಾಕು ಬೇಟಿ, ಪುಡಿ ಹಾಕು." ಅವರ ಮುಖದಲ್ಲಿ ನಗು ಇತ್ತು. ನಾನು ಉಜ್ಜಿದೆ. ಪುಡಿ ನಿಲ್ಲಲಿಲ್ಲ. ಮತ್ತೆ ಉಜ್ಜಿದೆ. ಆ ಮಹಾತಾಯಿ ದಿನಾ ಬೆಳಿಗ್ಗೆ ನಂಬರಿದ್ದ ಮಗ್ಗುಲನ್ನೇ ಕಲ್ಲಿಗೆ ಹಿಡಿದು ತೇದಿದ್ದಳು, ಚಪ್ಪಟೆಯಾಗಿ ಸರಿಯಾಗಿ ಕೂರುತ್ತದೆಂದು. ಕಬ್ಬಿಣ ಕನ್ನಡಿಯ ಹಾಗೆ ನುಣ್ಣಗಿತ್ತು. ಒಂದು ಮೂಲೆಯಲ್ಲಿ ಯಾವುದೋ ಅಂಕಿಯ ಬಾಲ ಮಾತ್ರ ಬೆಳ್ಳಗೆ ಕಂಡಿತು.

"ಬಾಯಿ ಬಿಡ್ತಾ?" ಎಂದು ಕೇಳಿದರು ಚಾಚಾ.

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ಗೋಡೆಗೆ ಒರಗಿ ಹಾಗೇ ಕೆಳಗೆ ಕೂತರು. ಚಾಚಿ ಒಳಗಿನಿಂದ ಅಂಕಿ ಹೊಡೆಯುವ ಅಚ್ಚಿನ ಪೆಟ್ಟಿಗೆ ತಂದು ಅವರ ಮುಂದಿಟ್ಟರು. ಸುತ್ತಿಗೆಯನ್ನೂ ಇಟ್ಟರು.

"ಹೊಡೆದುಬಿಡಿ ಚಾಚಾ" ಎಂದೆ ನಾನೂ. "ಇದೇ ನಂಬರು ಇದ್ದದ್ದು. ನಾನೇ ಓದಿದೀನಿ. ಸುಳ್ಳಲ್ಲವಲ್ಲ."

"ನಕ್ಕೋ ಬೇಟಿ, ಬೇಡ." ಎಡಹುಬ್ಬು ಮೇಲೇರಲಿಲ್ಲ, ಸಿಟ್ಟೂ ಇರಲಿಲ್ಲ. "ನಂಬರು ಹೊಡೆಯೋದು ಸರ್ಕಾರದ ಎದುರು. ಇದನ್ನ ನಾನು ಹಿತ್ತಲಲ್ಲಿ ಹೊಡೆದ್ರೆ, ಇವತ್ತಿನವರೆಗೂ ಹೊಡೆದಿದ್ದೆಲ್ಲ ಹಿತ್ತಲಲ್ಲಿ ಹೊಡೆದಿದ್ದೇ ಆಗ್ತದೆ."

ಚಾಚಿ ಅವರ ಕಾಲು ಹಿಡಿದುಕೊಂಡರು. ಅವರು ಪೆಟ್ಟಿಗೆ ಮುಚ್ಚಿ ಒಳಗಿಟ್ಟು ಬಂದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಒಂಟಿ ಹುಬ್ಬಿನ ಆ ಮುಖ ನೋಡಲೂ ಮನಸ್ಸಾಗಲಿಲ್ಲ.

ಸೋಮವಾರ ಕಚೇರಿಯಲ್ಲಿ ನಡೆದದ್ದನ್ನು ಚಾಚಿಯೇ ಬಂದು ಹೇಳಿದರು. ತಾಲ್ಲೂಕಿನ ಅಮಲ್ದಾರರು ಗೌಡರನ್ನು ಕರೆಸಿದ್ದರು. ಗೌಡರು "ನನ್ನ ತುಪಾಕಿಗೆ ನಂಬರಿತ್ತು ಸ್ವಾಮಿ. ಇದಕ್ಕಿಲ್ಲ. ಇದು ನಂದಲ್ಲ" ಎಂದುಬಿಟ್ಟರು. ನಂಬರಿಲ್ಲದ್ದನ್ನು ತನ್ನದೆಂದರೆ ತಾನೇ ಜೈಲಿಗೆ ಹೋಗಬೇಕಾದೀತೆಂಬ ಹೆದರಿಕೆ ಅವರಿಗೆ. ಹಾಗಾದರೆ ನಂಬರಿದ್ದ ತುಪಾಕಿ ಎಲ್ಲಿ? ಯಾರಿಗೆ ಕೊಟ್ಟೆ ಎಂದು ಚಾಚಾರನ್ನು ಕೇಳಿದರು. ಅಮಲ್ದಾರರು ಪುಸ್ತಕ ತಿರುವಿ ನಾನು ಬರೆದ ಸಾಲಿನ ಮೇಲೆ ಬೆರಳಿಟ್ಟರಂತೆ. "ತುಂಡು ಜೊತೆ ಇದೆ ಅಂತ ಬರೆದವರು ಯಾರು? ಅವರು ಬಂದು ಕಣ್ಣಾರೆ ನಂಬರು ನೋಡಿದೆ ಅಂತ ಹೇಳಿದರೆ ಸಾಕು, ನಿನ್ನ ಲೈಸೆನ್ಸು ಉಳಿಯುತ್ತೆ. ನಾಳೆ ಕರೆದುಕೊಂಡು ಬಾ. ಹೆಸರು ತಿಳಿಸದೆ ಬರೆಸಿದ್ದಕ್ಕೆ ಬರೆದವರ ಮೇಲೂ ಕೇಸಾಗುತ್ತೆ, ಅದು ಬೇರೆ ಮಾತು."

ಬರೆದವರು ಯಾರೋ ದಾರಿಹೋಕರು, ಈಗ ಎಲ್ಲಿದ್ದಾರೋ ಎಂದರಂತೆ ಚಾಚಾ.

ಆ ಸಂಜೆ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ತಲೆಯ ಮೇಲೆ ಕೈಹೊತ್ತು ಕೂತರು. "ನನ್ನ ಕೆಲಸ ಹೋದ್ರೆ ಹೋಗ್ಲಿ, ಹೆಂಗೋ ಆಗುತ್ತೆ. ಕಚೇರಿ ಮೆಟ್ಟಲು ಹತ್ತಿದೋಳು ಅಂತ ನಿನ್ನ ಈ ಬೀದಿ ಬಾಳಿಸುತ್ತಾ?" ಎಂದರು. ಹೋಗು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಅತ್ತೆ ಒಲೆಯ ಮುಂದೆ ಕೂತಿದ್ದರು. ಈಗ ನನ್ನ ಕಥೆ ಮುಗಿಯಿತು, ತವರಿಗೆ ಕಳಿಸುತ್ತಾರೆ ಎಂದುಕೊಂಡೆ.

"ದೇವುಡಾ" ಎಂದು ಮಂಡಿ ಹಿಡಿದು ಎದ್ದರು ಅತ್ತೆ. "ವಾರಕ್ಕೊಂದು ಡಬ್ಬಿ ರಂಗೋಲಿ ಪುಡಿ ಖಾಲಿ ಆಗ್ತಿತ್ತು. ಎಲ್ಲಿಗೆ ಹೋಗುತ್ತೆ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯೇನೇ? ನಾಳೆ ಬೆಳಿಗ್ಗೆ ನಡಿ. ನಾನೂ ಬರ್ತೀನಿ. ನನ್ನ ಸೊಸೇನ ಅದ್ಯಾವನು ಏನಂತಾನೋ ನೋಡೋಣ."

ಮಾರನೆಯ ದಿನ ಅತ್ತೆ ಮುಂದೆ, ನಾನು ಹಿಂದೆ. ಕಚೇರಿಯ ಜಗಲಿಯಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಒಳಗೆ ಮೇಜಿನ ಮೇಲೆ ಆ ತುಪಾಕಿ, ಅದರ ಪಕ್ಕದಲ್ಲಿ ನುಣ್ಣಗಾದ ತುಂಡು. ಚಾಚಾ ಕೈಕಟ್ಟಿ ನಿಂತಿದ್ದರು. ನನ್ನನ್ನು ಕಂಡ ಕೂಡಲೇ ಅವರ ಬಣ್ಣವೇ ಹೋಯಿತು.

"ಆ ಪುಸ್ತಕ ಬರೆದೋಳು ನಾನು ಸ್ವಾಮಿ. ಆ ತುಂಡಿನ ಮೇಲೆ ನಂಬರಿತ್ತು. ನಾನೇ ಓದಿದ್ದು" ಎಂದೆ.

ಅಮಲ್ದಾರರು ವಯಸ್ಸಾದವರು. ಕನ್ನಡಕದ ಮೇಲಿನಿಂದ ನನ್ನನ್ನೂ ಅತ್ತೆಯನ್ನೂ ನೋಡಿದರು. ಒಂದು ಹಾಳೆ, ಲೇಖನಿ ಮುಂದಕ್ಕೆ ತಳ್ಳಿದರು. "ಬರಿಯಮ್ಮ, ನೋಡೋಣ."

ನಿಂತೇ ಬರೆದೆ. "ನಂಬರು ಇರುವ ತುಂಡು ಕೋವಿಯ ಜೊತೆ ಇದೆ." ಅವರು ಹಾಳೆಯನ್ನು ಪುಸ್ತಕದ ಪಕ್ಕ ಇಟ್ಟರು. ನನ್ನ 'ದ' ಅಕ್ಷರದ ಬಾಲ ಯಾವಾಗಲೂ ಉದ್ದ, ಕುರುಡರಿಗೂ ತಿಳಿಯುವಂಥದ್ದು. ನನಗೆ ಜೀವ ಬಂತು. ಉಳಿಯಿತು, ಅಂಗಡಿ ಉಳಿಯಿತು ಎಂದುಕೊಂಡೆ.

"ಏನು ಸಾಬರೇ?" ಎಂದರು ಅಮಲ್ದಾರರು. "ಈಕೆಯದೇ ಅಕ್ಷರ ತಾನೇ? ಹೌದು ಅನ್ನಿ. ಈಕೆ ಹೆಸರು ಹಾಕಿ ಹೇಳಿಕೆ ತಗೋತೀನಿ."

ಚಾಚಾ ನನ್ನ ಕಡೆ ನೋಡಲಿಲ್ಲ.

"ಅಲ್ಲ ಹುಜೂರ್. ಇವರು ಪಕ್ಕದ ಮನೆ ಮಗು. ನಮ್ಮ ಕಷ್ಟ ನೋಡಲಾರದೆ ಹಂಗೆ ಹೇಳ್ತಾ ಇದೆ. ಇದು ಇವರ ಅಕ್ಷರ ಅಲ್ಲ."

"ಚಾಚಾ" ಎಂದೆ. "ಹೌದು ಅನ್ನಿ ಚಾಚಾ." ಅತ್ತೆಯೂ ಏನೋ ಹೇಳಹೋದರು. ಚಾಚಾ ಇಬ್ಬರಿಗೂ ಕೈ ಅಡ್ಡ ಹಿಡಿದರು.

"ಇನ್ನೊಂದು ಸಲ ಕೇಳ್ತೀನಿ" ಎಂದರು ಅಮಲ್ದಾರರು ಮೆಲ್ಲಗೆ. "ಯೋಚನೆ ಮಾಡಿ ಹೇಳಿ."

"ಅಲ್ಲ ಹುಜೂರ್."

ಅಮಲ್ದಾರರು ನಾನು ಬರೆದ ಹಾಳೆಯನ್ನು ಉಂಡೆ ಮಾಡಿ ಬುಟ್ಟಿಗೆ ಹಾಕಿದರು. "ಮನೆಗೆ ಹೋಗಮ್ಮ" ಎಂದರು. ಆಮೇಲೆ ಗುಮಾಸ್ತನಿಗೆ ಏನೋ ಹೇಳಿ ಬರೆಸತೊಡಗಿದರು. ಲೈಸೆನ್ಸು ರದ್ದಾಯಿತು. ಚಾಚಾ ಕೆಲವು ತಿಂಗಳು ಜೈಲಿನಲ್ಲೂ ಇದ್ದು ಬಂದರು. ಅಂಗಡಿಗೆ ಅರಗಿನ ಮುದ್ರೆ ಬಿತ್ತು.

ಜೈಲಿನಿಂದ ಬಂದ ಮೇಲೆ ಹಿತ್ತಿಲಲ್ಲೇ ಕೂತು ಸ್ಟವ್ವು, ಬೀಗ, ಕೊಡೆ ರಿಪೇರಿ ಮಾಡತೊಡಗಿದರು. ಯಾವುದಾದರೂ ಬೀಗ ತಂದವರಿಗೆ ಅಭ್ಯಾಸಬಲದಿಂದ "ಕಾಗದ ಎಲ್ಲಿ?" ಎಂದು ಕೇಳಿ, ಆಮೇಲೆ ತಾವೇ ನಕ್ಕುಬಿಡುತ್ತಿದ್ದರು. ಈಗ ಅತ್ತೆ ಗೋಡೆಗೆ ಬೆನ್ನು ಹಾಕುತ್ತಿರಲಿಲ್ಲ. ಹುಳಿ ಮಾಡಿದ ದಿನ ಒಂದು ಪಾತ್ರೆ ತಾವೇ ಗೋಡೆಯ ಮೇಲಿಟ್ಟು, "ಸಾಬಮ್ಮಾ, ತಗೊಳ್ರೀ" ಎಂದು ಕೂಗುತ್ತಿದ್ದರು.

ಒಂದು ಸಲ ಕೇಳಿಯೇಬಿಟ್ಟೆ. "ಕಬ್ಬಿಣದ ಮೇಲೆ ನಿಜವಾದ ನಂಬರು ಹೊಡೆಯೋಕೂ ಒಪ್ಪಲಿಲ್ಲ. ಅಲ್ಲಿ ನಿಂತು ಅಷ್ಟು ದೊಡ್ಡ ಸುಳ್ಳು ಹೆಂಗೆ ಹೇಳಿದ್ರಿ ಚಾಚಾ?"

ಸ್ಟವ್ವಿನ ತೂತಿಗೆ ಪಿನ್ನು ಹಾಕುತ್ತಿದ್ದವರು ತಲೆ ಎತ್ತಲಿಲ್ಲ. "ಗೋಡೆ ಹತ್ರ ನಿಂಗೆ ಒಂದು ಮಾತು ಕೊಟ್ಟಿದ್ದೆ. ಅದನ್ನ ಯಾವ ಪುಸ್ತಕದಲ್ಲೂ ಬರೆಸಿರಲಿಲ್ಲ. ಬರೆಯದೆ ಇರೋದನ್ನ ಉಳಿಸ್ಕೊಳ್ಳೋದು ಕಷ್ಟ ಬೇಟಿ. ಹೋಗು, ನಿಮ್ಮತ್ತೆ ಕರೀತಾ ಇದ್ದಾರೆ."

ಯುದ್ಧ ಮುಗಿಯಿತೆಂಬ ಸುದ್ದಿ ಬಂದ ಮಳೆಗಾಲದಲ್ಲಿ ಅವರು ಹೋದರು. ಅವರನ್ನು ಹೊತ್ತು ಬೀದಿಯಲ್ಲಿ ಸಾಗುವಾಗ ನಮ್ಮ ಯಜಮಾನರೂ ಹೆಗಲು ಕೊಟ್ಟರು. ನಾನು ಹಿತ್ತಿಲಲ್ಲಿ ಗೋಡೆ ಹಿಡಿದು ಅಳುತ್ತಿದ್ದೆ. ಆ ಕಡೆ ಚಾಚಿ, ಈ ಕಡೆ ನಾನು.

ಅವರ ಮಾತಿನಂತೆ ನನ್ನ ಹೆಸರು ಎಲ್ಲೂ ಬರಲಿಲ್ಲ. ನಾನು ಮರ್ಯಾದೆಯಿಂದ ಬಾಳಿದೆ, ಯಜಮಾನರು ಪೂರ್ತಿ ಕೆಲಸ ಮಾಡಿ ಪೆನ್ಷನ್ ತಗೊಂಡರು, ಮಕ್ಕಳು ಮೊಮ್ಮಕ್ಕಳಾದರು. ಆ ರಿಜಿಸ್ಟರು ಯಾವ ಕಚೇರಿಯ ಅಟ್ಟದಲ್ಲಿ ಗೆದ್ದಲು ತಿಂದಿತೋ ಗೊತ್ತಿಲ್ಲ. ಅಮಲ್ದಾರರಿಲ್ಲ, ಗೌಡರಿಲ್ಲ, ಚಾಚಿಯೂ ಇಲ್ಲ. ಇನ್ನು ನನ್ನ ಮೇಲೆ ಯಾರೂ ಕೇಸು ಹಾಕಲಾರರು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಚಾಚಾ ಎರಡು ಸಲ "ಅಲ್ಲ" ಎಂದರು. ಆ ಪುಸ್ತಕದ ಅಕ್ಷರ ನನ್ನದು.